ಮಕ್ಕಳ ಚಿತ್ರಪದ್ಯಗಳಲ್ಲಿ ಮರವೂ ಋತುವೂ

(ಮುಂಬಯಿಯಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಹಳೆಯ ಅರಸರ ಪರಾಕ್ರಮವನ್ನೋ, 1956ರ ಏಕೀಕರಣದ ಕಥೆಯನ್ನೋ ಹೇಳುವುದು ವಾಡಿಕೆ. ನಾವು ಈ ದಿನ ಅದಕ್ಕಿಂತ ಬಹು ಚಿಕ್ಕದಾದ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ಓದು ಬಲ್ಲ ಮಕ್ಕಳು ಓದುವ, ಓದು ಬಾರದ ಮಕ್ಕಳು ನೋಡುವ ಚಿತ್ರದ ಪುಸ್ತಕ. ಅದರಲ್ಲಿ ಪುಟಕ್ಕೆ ನಾಲ್ಕು ಸಾಲಿನಂತೆ ಬರುವ ಪದ್ಯ. ಆ ಪದ್ಯದಲ್ಲಿ ನಿಂತಿರುವ ಮರ, ಆ ಮರದ ಮೇಲೆ ಬಂದುಹೋಗುವ ಋತು. ಇಷ್ಟೇ ನಮ್ಮ ವಿಷಯ. ಆದರೆ ಬೀಜ ಚಿಕ್ಕದೆಂದು ಆಲದ ಮರವನ್ನು ಅಳೆಯಲಾದೀತೆ?

ಪರನಾಡಿನ ನಮ್ಮ ಮನೆಗಳನ್ನು ನೋಡಿರಿ. 'ಊಟಕ್ಕೆ ಬಾ', 'ಹಾಲು ಕುಡಿ', 'ಕೈ ತೊಳೆದುಕೊ' ಎಂಬ ಕನ್ನಡವನ್ನು ಮಗು ಚೆನ್ನಾಗಿಯೇ ತಿಳಿಯುತ್ತದೆ. ಹೊಸ್ತಿಲು ದಾಟಿತೊ, ಕಣ್ಣಿಗೆ ಬಿದ್ದುದಕ್ಕೆಲ್ಲ ಬೇರೆ ನುಡಿಯ ಹೆಸರು. ಬಾಗಿಲಾಚೆಯ ಮರ ಮರಾಠಿಯ 'ಝಾಡ' ಆಗುತ್ತದೆ, ಶಾಲೆಯಲ್ಲಿ 'ಟ್ರೀ' ಆಗುತ್ತದೆ. ಕನ್ನಡದ 'ಮರ' ಆಗುವುದು ಬೇಸಿಗೆಯ ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಮಾತ್ರ. ಮರಾಠಿಯೂ ಬರಲಿ, ಇಂಗ್ಲಿಷೂ ಬರಲಿ, ಅದರಲ್ಲಿ ನಷ್ಟವೇನೂ ಇಲ್ಲ. ಆದರೆ ಮನೆಯೊಳಗಿನ ಕನ್ನಡ ಉಳಿದು ಹೊರಗಿನ ಕನ್ನಡ ಹೋದರೆ, ಅಡುಗೆಮನೆಯಲ್ಲಿ ಮಾತ್ರ ಬಾಳುವ ನುಡಿ ಮುಂದಿನ ತಲೆಮಾರಿಗೆ ದಾಟುವುದು ಕಷ್ಟ. ನುಡಿಗೂ ಗಾಳಿ ಬಿಸಿಲು ಬೇಕು. ಮಗುವಿನ ಕನ್ನಡವನ್ನು ಕೈಹಿಡಿದು ಹೊಸ್ತಿಲಿನಿಂದಾಚೆಗೆ ಕರೆದೊಯ್ಯಬಲ್ಲುದು ಮರದ ಪದ್ಯ. ಏಕೆಂದರೆ ಮರ ಬೀದಿಯಲ್ಲಿರುತ್ತದೆ, ದಿನವೂ ಕಾಣುತ್ತದೆ, ತಿಂಗಳು ತಿಂಗಳಿಗೂ ಹೊಸ ವೇಷ ಹಾಕುತ್ತದೆ.

ಈ ಕೆಲಸವನ್ನು ಇಂಗ್ಲಿಷರು ಚೆನ್ನಾಗಿ ಮಾಡಿಕೊಂಡಿದ್ದಾರೆ. ಸಿಸಿಲಿ ಮೇರಿ ಬಾರ್ಕರ್ ಎಂಬ ಚಿತ್ರಗಾರ್ತಿ 1923ರಲ್ಲಿ ವಸಂತದ ಹೂಗಳಿಗೊಂದು ಪುಸ್ತಕ ಮಾಡಿದರು. ಬಳಿಕ ಬೇಸಿಗೆಗೊಂದು, ಎಲೆಯುದುರುವ ಕಾಲಕ್ಕೊಂದು, 1940ರಲ್ಲಿ ಮರಗಳಿಗೇ ಒಂದು. ಒಂದು ಪುಟದಲ್ಲಿ ಚಿತ್ರ, ಎದುರು ಪುಟದಲ್ಲಿ ಪದ್ಯ. ಹೂವಿನ ಪಕ್ಕದಲ್ಲಿ ನಿಂತ ಕಿನ್ನರಿ ಕಲ್ಪನೆಯ ಕೂಸು; ಹೂವೂ ಎಲೆಯೂ ಮಾತ್ರ ನಿಜವಾದ ಗಿಡವನ್ನು ಎದುರಿಗಿಟ್ಟುಕೊಂಡು ಬರೆದವು. ಅಮೆರಿಕದಲ್ಲಿ 1956ರಲ್ಲಿ ಜ್ಯಾನಿಸ್ ಮೇ ಉಡ್ರಿ ಬರೆದು ಮಾರ್ಕ್ ಸಿಮಾಂಟ್ ಚಿತ್ರಿಸಿದ 'ಎ ಟ್ರೀ ಈಸ್ ನೈಸ್' ಎಂಬ ಪುಸ್ತಕ ಬಂದಿತು. ಮರುವರ್ಷ ಅದರ ಚಿತ್ರಗಳಿಗೆ ಅಲ್ಲಿಯ ಕಾಲ್ಡೆಕಾಟ್ ಪದಕ ದೊರೆಯಿತು. ಮರವಿದ್ದರೆ ಮಗು ಏನೇನು ಮಾಡಬಹುದು, ಹತ್ತಬಹುದು, ಜೋಕಾಲಿ ಕಟ್ಟಬಹುದು, ಉದುರಿದೆಲೆಯಲ್ಲಿ ಹೊರಳಬಹುದು ಎಂದು ಹೇಳುವ ಸರಳವಾದ ಪುಸ್ತಕವದು. ಇಂಥವನ್ನು ನಮ್ಮ ಮಕ್ಕಳು ಓದಬಾರದೆಂದು ನಾವು ಹೇಳುವವರಲ್ಲ. ಓದಲಿ, ನಲಿಯಲಿ.

ತೊಡಕು ಬರುವುದು ಬೇರೆ ಕಡೆ. ಆ ಪುಸ್ತಕಗಳಲ್ಲಿ ವರ್ಷಕ್ಕೆ ನಾಲ್ಕು ಕಾಲ. ನಮ್ಮ ಪಂಚಾಂಗದಲ್ಲಿ ಆರು ಋತು. ನಮ್ಮ ರೈತನ ಬಾಯಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಮೂರೇ. ಮುಂಬಯಿಯ ಮಗು ಶಾಲೆಯಲ್ಲಿ ನಾಲ್ಕನ್ನು ಬಾಯಿಪಾಠ ಮಾಡಿ, ಮಂಜಿನ ಬೊಂಬೆಗೆ ಬಣ್ಣ ಹಚ್ಚಿ, ಸ್ವೆಟರನ್ನು ವರ್ಷದಲ್ಲಿ ನಾಲ್ಕು ದಿನ ತೊಟ್ಟರೆ ಹೆಚ್ಚು! ತಾನು ಓದಿದ ಋತು ಕಿಟಕಿಯಾಚೆ ಎಂದೂ ಬಾರದಿದ್ದರೆ, ಋತುವೆಂಬುದು ಪುಸ್ತಕದಲ್ಲಿ ಮಾತ್ರ ಇರುವ ವಸ್ತು ಎಂದು ಮಗು ತಿಳಿಯುತ್ತದೆ. ಕಣ್ಣೆದುರಿನ ಮರವನ್ನು ನೋಡುವ ಕುತೂಹಲವೇ ಬತ್ತಿಹೋಗುತ್ತದೆ.

ಒಂದು ಕೆಂಪೆಲೆಯನ್ನೇ ತೆಗೆದುಕೊಳ್ಳೋಣ. ಚಳಿಯ ದೇಶಗಳಲ್ಲಿ ಹಗಲು ಕುಗ್ಗಿ ಚಳಿ ಏರುತ್ತ ಬಂದಾಗ ಎಲೆಯ ಹಸುರು ಬಣ್ಣ ಒಡೆದುಹೋಗುತ್ತದೆ. ಒಳಗೆ ಮೊದಲೇ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ; ಕೆಲವು ಮರಗಳಲ್ಲಿ ಕೆಂಪು ಹೊಸದಾಗಿ ಹುಟ್ಟುತ್ತದೆ; ಆಮೇಲೆ ಎಲೆ ಬೀಳುತ್ತದೆ. ಅಲ್ಲಿ ಕೆಂಪು ಎಲೆಯ ಮುಪ್ಪು. ನಮ್ಮ ಮಾವನ್ನು ನೋಡಿರಿ, ಅರಳಿಯನ್ನು ನೋಡಿರಿ. ಹೊಸ ಎಲೆ ಹುಟ್ಟುವಾಗಲೇ ತಾಮ್ರದಂತೆ ಕೆಂಪು. ಎಳೆಯ ಎಲೆಯಲ್ಲಿ ಹಸುರು ಇನ್ನೂ ತುಂಬಿರುವುದಿಲ್ಲ. ಆ ಕೆಂಪು ಬಣ್ಣ ಎಳೆಯದನ್ನು ಕಡುಬಿಸಿಲಿನಿಂದ ಕಾಯುತ್ತದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಇಲ್ಲಿ ಕೆಂಪು ಎಲೆಯ ಶೈಶವ. ಅಲ್ಲಿಯ ಪದ್ಯವನ್ನು ಇಲ್ಲಿಗೆ ಅನುವಾದಿಸಿ ಮಾವಿನ ಚಿತ್ರದ ಕೆಳಗೆ ಅಚ್ಚು ಹಾಕಿದರೆ, ತೊಟ್ಟಿಲ ಕೂಸನ್ನು ತಾತನೆಂದು ಕರೆದಂತಾಗುವುದು! ನಮ್ಮ ಬೀದಿಗಳಲ್ಲಿ ಅಪವಾದವಾಗಿ ಕಾಡುಬಾದಾಮಿ ಇದೆ. ಅದು ಬೀಳುವ ಮುಂಚೆ ಕೆಂಪಾಗುತ್ತದೆ. ಹಾಗಾದರೆ ಇನ್ನೂ ಒಳ್ಳೆಯದಾಯಿತು. ಮಾವಿನ ಎಲೆಯೊಂದನ್ನೂ ಬಾದಾಮಿಯ ಎಲೆಯೊಂದನ್ನೂ ಮಗುವಿನ ಕೈಗೆ ಕೊಟ್ಟು, 'ಯಾವುದು ಕೂಸು, ಯಾವುದು ಅಜ್ಜ?' ಎಂದು ಕೇಳಬಹುದು.

ಎಲೆ ಬೀಳುವ ಕಾರಣವೂ ಬೇರೆಯೇ. ಅಲ್ಲಿ ಹಿಮದ ಕಾಲವನ್ನು ದಾಟುವುದಕ್ಕಾಗಿ ಮರ ಬೋಳಾಗಿ, ತಿಂಗಳುಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಇಲ್ಲಿ ಬಹುಮಟ್ಟಿಗೆ ಒಣಹವೆಯಲ್ಲಿ ನೀರನ್ನು ಉಳಿಸಿಕೊಳ್ಳಲು ಎಲೆ ಕಳಚುತ್ತದೆ. ಅರಳಿ, ಹೊಂಗೆ, ಬೇವುಗಳಲ್ಲಂತೂ ಹಳೆಯದು ಉದುರುತ್ತಿದ್ದಂತೆ ಹೊಸದು ಇಣುಕುತ್ತದೆ. 'ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು' ಎಂಬ ನಮ್ಮ ಗಾದೆಯನ್ನು ನೆನೆಯಿರಿ. ಎರಡೂ ಒಂದೇ ಕೊಂಬೆಯಲ್ಲಿ, ಒಂದೇ ಕಾಲದಲ್ಲಿ ಇದ್ದರಲ್ಲವೆ ಒಂದನ್ನು ಕಂಡು ಇನ್ನೊಂದು ನಗುವುದು? ನಮ್ಮ ಹಿರಿಯರು ಗಾದೆ ಕಟ್ಟುವ ಮೊದಲು ಮರವನ್ನು ನೋಡಿದ್ದರು.

ಹಾಗೆಂದು ಹೊರಗಿನಿಂದ ಏನನ್ನೂ ತರಬಾರದೆ? ತರಬಹುದು; ಏನನ್ನು ತರಬೇಕೆಂಬ ವಿವೇಕ ಬೇಕು. ಇಂಗ್ಲೆಂಡಿನ ಕವಿ ಥಾಮಸ್ ನ್ಯಾಶ್ 16ನೆಯ ಶತಮಾನದ ಕೊನೆಯಲ್ಲಿ ಬರೆದ ವಸಂತದ ಹಾಡನ್ನು ಬಿ. ಎಂ. ಶ್ರೀಕಂಠಯ್ಯನವರು ತಮ್ಮ 'ಇಂಗ್ಲಿಷ್ ಗೀತಗಳು' ಸಂಗ್ರಹದಲ್ಲಿ ಕನ್ನಡಕ್ಕಿಳಿಸಿದರು. ಅದರಲ್ಲಿಯ ಹಕ್ಕಿಗಳ ಕೂಗನ್ನು ಅವರು ಹಾಗೆಯೇ ಉಳಿಸಿಕೊಂಡರು. ಕೂಗಿನ ನಲಿವಿಗೆ ಭಾಷಾಂತರ ಬೇಕಿಲ್ಲ. ಅದು ಮಕ್ಕಳ ಬಾಯಲ್ಲಿ ತಾನೇ ಕುಣಿಯಿತು. ಲಯವನ್ನು ತರಬಹುದು, ಉಲ್ಲಾಸವನ್ನು ತರಬಹುದು. ಮರದ ಗಡಿಯಾರವನ್ನು ಮಾತ್ರ ತರಲಾಗದು; ಅದು ಆಯಾ ಮಣ್ಣಿನಲ್ಲಿಯೇ ನಡೆಯತಕ್ಕದ್ದು.

ಇದನ್ನು ಚೆನ್ನಾಗಿ ಅರಿತಿದ್ದವರು ರವೀಂದ್ರನಾಥ ಠಾಕೂರರು. 1930ರಲ್ಲಿ ಅವರ 'ಸಹಜ್ ಪಾಠ್' ಎಂಬ ಬಂಗಾಳಿ ಬಾಲಬೋಧೆ ಪ್ರಕಟವಾಯಿತು. ಚಿತ್ರಗಳನ್ನು ಕೆತ್ತಿದವರು ನಂದಲಾಲ ಬೋಸರು. ಅದರಲ್ಲಿ ಒಂದು ಚಿಕ್ಕ ಹೊಳೆಯ ಪದ್ಯವುಂಟು. ವೈಶಾಖದಲ್ಲಿ ಆ ಹೊಳೆಗೆ ಮೊಣಕಾಲುದ್ದ ನೀರು. ಆಷಾಢದಲ್ಲಿ ದಡ ತುಂಬಿದ ನೀರು. 'ಇದು ಗ್ರೀಷ್ಮ, ಇದು ವರ್ಷ' ಎಂದು ಕವಿ ಪಾಠ ಹೇಳಲಿಲ್ಲ. ಬಂಗಾಳದ ಮಗು ಕಂಡಿದ್ದ ಹೊಳೆಯನ್ನೇ ಎತ್ತಿಕೊಂಡು, ಮನೆಯಲ್ಲಿ ಕೇಳಿದ್ದ ತಿಂಗಳ ಹೆಸರಿನಿಂದಲೇ ಕರೆದರು. ಮಹಾಕವಿಗಳು ಮಕ್ಕಳಿಗಾಗಿ ಬರೆಯುವಾಗ ಎಷ್ಟು ತಗ್ಗಿ ನಿಲ್ಲುತ್ತಾರೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮಲ್ಲಿಯೂ ಈ ಕಣ್ಣು ಇಲ್ಲದೆ ಇಲ್ಲ. ಹತ್ತನೆಯ ಶತಮಾನದ ಪಂಪ ಇದ್ದುದು ವೇಮುಲವಾಡದಲ್ಲಿ, ಇಂದಿನ ತೆಲಂಗಾಣದಲ್ಲಿ. ಆತನೂ ನಮ್ಮಂತೆ ದೂರದ ಊರಿನಲ್ಲಿದ್ದವನೇ. ಬನವಾಸಿ ಆತನ ನೆನಪಿಗೆ ಬಂದುದು ಯಾವುದರಿಂದ? ತೆಂಕಣ ಗಾಳಿ ಮೈಗೆ ಸೋಕಿದಾಗ, ಬಿರಿದ ಮಲ್ಲಿಗೆ ಕಂಡಾಗ. ನಾಡೆಂದರೆ ಆತನಿಗೆ ಋತುವೂ ಹೂವೂ ಆಗಿತ್ತು. ಅದೇ ತೆಂಕಣ ಗಾಳಿಯನ್ನು ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಮಕ್ಕಳ ಪದ್ಯಕ್ಕೆ ತಂದರು. ಕಡಲ ಕಡೆಯಿಂದ ಭೋರೆಂದು ಬರುವ ಗಾಳಿಯ ಸದ್ದನ್ನೇ ಪದಗಳಲ್ಲಿ ಹಿಡಿದರು. ಕರಾವಳಿಯ ಮಗುವಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಮಾಡಿನ ಹಂಚು ನಡುಗಿದುದನ್ನು ಅದು ಕೇಳಿರುತ್ತದೆ. ಪಂಪನ ಗಾಳಿ ಬೇರೆ, ಪಂಜೆಯವರ ಗಾಳಿ ಬೇರೆ. ಇಬ್ಬರೂ ತಮ್ಮ ಮೈಗೆ ಸೋಕಿದ ಗಾಳಿಯನ್ನೇ ಬರೆದರು.

ಈಗ ಮಾತಿನ ಸಂಪತ್ತಿನ ಕಡೆಗೆ ಬರೋಣ. ನಮ್ಮ ಮಕ್ಕಳು ಮಾವಿಗೆ ಎರಡೇ ಅವಸ್ಥೆ ಬಲ್ಲರು: 'ಕಚ್ಚಾ', 'ಪಕ್ಕಾ'. ಕನ್ನಡದಲ್ಲಿ ಮೊದಲು ಹೂ, ಆಮೇಲೆ ಹೀಚು, ಆಮೇಲೆ ಮಿಡಿ, ಆಮೇಲೆ ಕಾಯಿ, ಆಮೇಲೆ ದೋರೆಗಾಯಿ, ಕಡೆಗೆ ಹಣ್ಣು. ಎಲೆಗೂ ಹಾಗೆಯೇ: ಚಿಗುರು, ತಳಿರು, ಎಲೆ, ಹಣ್ಣೆಲೆ, ತರಗೆಲೆ. ಎಳೆಯ ಹಲಸಿಗೆ ಕರಾವಳಿಯವರು ಗುಜ್ಜೆ ಎನ್ನುತ್ತಾರೆ. ಆಲದ ಕೊಂಬೆಯಿಂದ ಇಳಿಯುವ ಬೇರಿಗೆ ಬಿಳಲೆಂದು ಬೇರೆಯೇ ಹೆಸರುಂಟು. ಈ ಒಂದೊಂದು ಮಾತೂ ಒಂದೊಂದು ತಿಂಗಳನ್ನು ತನ್ನೊಳಗೆ ಇಟ್ಟುಕೊಂಡಿದೆ. ಮಿಡಿ ಎಂದರೆ ಉಪ್ಪಿನಕಾಯಿ ಹಾಕುವ ಕಾಲ. ತರಗೆಲೆ ಎಂದರೆ ಕಾಲಡಿಯ ಚರಪರ ಸದ್ದು. ನಿಘಂಟಿನಿಂದ ಮಗುವಿಗೆ ಇವನ್ನು ಕಲಿಸಲಾಗುವುದಿಲ್ಲ. ಆರು ಪುಟ, ಆರು ಚಿತ್ರ, ಒಂದೇ ಮಾವಿನ ಕೊಂಬೆ, ಪುಟಕ್ಕೊಂದು ಮಾತು. ಇಷ್ಟಿದ್ದರೆ ಆರು ವರ್ಷದ ಮಗು ಒಂದು ಸಂಜೆಯಲ್ಲಿ ಆರನ್ನೂ ಕಲಿಯುತ್ತದೆ.

ಪದ್ಯ ಹೇಗಿರಬೇಕು? ನಮಗೆ ತೋರಿದ ನಾಲ್ಕು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಒಂದನೆಯದು, ಕಂಡ ಮರವನ್ನೇ ಬರೆಯಬೇಕು. ಎರಡನೆಯದು, ಒಂದು ಪದ್ಯಕ್ಕೆ ಮರದ ಒಂದೇ ಕೆಲಸ ಸಾಕು. ಚಿಗುರುವುದೋ, ಉದುರುವುದೋ, ಮಳೆಯಲ್ಲಿ ತೊನೆಯುವುದೋ. ಮೂರನೆಯದು, ಚಿತ್ರವೂ ಪದ್ಯವೂ ಕೆಲಸವನ್ನು ಹಂಚಿಕೊಳ್ಳಬೇಕು. ಬಣ್ಣ, ಆಕಾರ ಚಿತ್ರದಲ್ಲಿ ಕಾಣುತ್ತವೆ. ಚಿತ್ರ ಹೇಳಲಾರದ ಸದ್ದು, ವಾಸನೆ, ಚಲನೆ, ಕಾಲದ ನಡಿಗೆ, ಇವನ್ನು ಪದ್ಯ ಹೇಳಬೇಕು. ನಾಲ್ಕನೆಯದು, ಕೊನೆಯಲ್ಲಿ ನೀತಿಯ ಬಾಲ ಅಂಟಿಸಬಾರದು. ಮರವನ್ನು ಪ್ರೀತಿಸಿದ ಮಗುವಿಗೆ ಅದನ್ನು ಕಡಿಯಬೇಡವೆಂದು ಬೇರೆಯಾಗಿ ಹೇಳಬೇಕೆ? ಚಪ್ಪಾಳೆ ತಟ್ಟಲು ಬರುವಂತೆ ನಾಲ್ಕು ಮಾತ್ರೆಯ ನಡೆ ಇದ್ದರೆ ಮಕ್ಕಳ ಬಾಯಿಗೆ ಬೇಗ ಹತ್ತುತ್ತದೆ. ನಮ್ಮ ಮಟ್ಟಿಗೆ ಒಂದನ್ನು ಕಟ್ಟಿ ತಂದಿದ್ದೇವೆ. ಇದು ಕಾವ್ಯವೆಂದು ನಾವು ಹೇಳುವುದಿಲ್ಲ, ಮಾದರಿ ಅಷ್ಟೆ:

ಮಾವಿನ ಕೊಂಬೆಗೆ ಹೊಸ ಹೊಸ ಎಲೆಯು
ಕೆಂಪಗೆ ತೂಗುವುದು;
ಬಿಸಿಲನು ಕುಡಿಯುತ ದಿನದಿನ ಬೆಳೆದು
ಹಸುರಿಗೆ ತಿರುಗುವುದು.

'ಮುಂಬಯಿಯಲ್ಲಿ ಮರವೆಲ್ಲಿ ಬಂತು?' ಎಂದು ಕೆಲವರು ಕೇಳಿಯಾರು. ಅಂಥವರು ನಮ್ಮೊಡನೆ ಹನ್ನೆರಡು ತಿಂಗಳು ಬೀದಿಯಲ್ಲಿ ನಡೆದು ಬರಲಿ. ಜನವರಿಯಲ್ಲಿ ಮಾವು ಹೂ ಬಿಟ್ಟು ಗಾಳಿ ಕಂಪಾಗುತ್ತದೆ. ಚಳಿ ಮುಗಿಯುವ ಹೊತ್ತಿಗೆ ಕಾಡುಬಾದಾಮಿ ಕೆಂಪಾಗುತ್ತದೆ. ಮಾರ್ಚಿಯಲ್ಲಿ ಅರಳಿಯ ತಾಮ್ರದ ಚಿಗುರು. ಯುಗಾದಿಯ ಸುಮಾರಿಗೆ ಬೇವಿನ ಹೂ. ಹಬ್ಬದ ಬೇವುಬೆಲ್ಲಕ್ಕೆ ಅದೇ ತಾನೆ ಬೇಕಾದುದು? ಮೇ ತಿಂಗಳಲ್ಲಿ ಗುಲ್‌ಮೊಹರ್. ಮಡಗಾಸ್ಕರಿನಿಂದ ಬಂದ ಮರ, ಈಗ ನಮ್ಮ ಬೀದಿಯ ಒಕ್ಕಲು. ಜೂನಿನಲ್ಲಿ ನೇರಳೆ ಹಣ್ಣು, ನೀಲಿ ನಾಲಿಗೆ. ಎರಡನೆಯ ವಾರಕ್ಕೆ ಮೃಗಶಿರಾ ಮಳೆ. ಆ ಮಳೆಯನ್ನು ನಮ್ಮ ರೈತನೂ ಮಹಾರಾಷ್ಟ್ರದ ರೈತನೂ ಒಂದೇ ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಜುಲೈಯಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಮಳೆಮರವನ್ನು ನೋಡಿರಿ. ಮೋಡ ಕವಿದರೂ ಸಂಜೆಯಾದರೂ ಎಲೆ ಮಡಚಿ ನಿದ್ದೆ ಹೋಗುತ್ತದೆ. ಆಗಸ್ಟಿನಲ್ಲಿ ಚೆಂಡಿನಂಥ ಕದಂಬದ ಹೂ. ಬನವಾಸಿಯ ಕದಂಬ ಅರಸರ ಮನೆತನಕ್ಕೆ ಹೆಸರು ಕೊಟ್ಟ ಮರವದು. ಸೆಪ್ಟೆಂಬರಿನ ಬೆಳಗಿನಲ್ಲಿ ನೆಲದ ಮೇಲೆ ಪಾರಿಜಾತ. ವಿಜಯದಶಮಿಗೆ ನಮ್ಮ ಉತ್ತರ ಕರ್ನಾಟಕದವರು ಬನ್ನಿಯ ಎಲೆಯನ್ನು ಬಂಗಾರವೆಂದು ಕೊಡುತ್ತಾರೆ. ಇಲ್ಲಿಯ ನೆರೆಯವರು ಇಬ್ಭಾಗವಾದ ಆಪ್ಟಾದ ಎಲೆಯನ್ನು ಬಂಗಾರವೆಂದು ಕೊಡುತ್ತಾರೆ. ಡಿಸೆಂಬರಿಗೆ ನೆಲ್ಲಿಕಾಯಿ. ಇವುಗಳಲ್ಲಿ ಯಾವುದಕ್ಕೆ ಪದ್ಯ ಬೇಡ?

ಇದು ಮುಂಬಯಿಯ ಪಟ್ಟಿ. ಬೇರೆ ಊರುಗಳ ಬಂಧುಗಳು ತಮ್ಮ ತಮ್ಮ ಪಟ್ಟಿ ಮಾಡಿಕೊಳ್ಳಬೇಕು. ಚೆನ್ನೈಯಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದೀಚೆಗೆ, ಈಶಾನ್ಯದ ಗಾಳಿಯೊಡನೆ; ಅಲ್ಲಿಯ ಮಗುವಿಗೆ ಜೂನಿನ ಮಳೆಯ ಪದ್ಯ ಕೊಟ್ಟರೆ ಅದು ಆಕಾಶ ನೋಡಿ ನಕ್ಕೀತು. ದೆಹಲಿಯಲ್ಲಿ ಬೂರುಗ ಫೆಬ್ರವರಿ ಮಾರ್ಚಿಯಲ್ಲಿ ಬೋಳು ಕೊಂಬೆಯ ಮೇಲೆ ಕೆಂಪಗೆ ಅರಳುತ್ತದೆ. ಕಕ್ಕೆ ಕಡುಬೇಸಿಗೆಯಲ್ಲಿ ಹಳದಿ ಗೊಂಚಲು ಇಳಿಬಿಡುತ್ತದೆ. ಕನ್ನಡ ಒಂದೇ, ಗಡಿಯಾರಗಳು ಹಲವು.

ಪಟ್ಟಿಯಲ್ಲಿ ನವೆಂಬರನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ಈ ರಾಜ್ಯೋತ್ಸವದ ದಿನಗಳಲ್ಲಿ ಸಂಜೆ ಮನೆಗೆ ಹೋಗುವಾಗ ಬೀದಿಯಲ್ಲಿ ಒಂದು ಗಾಢವಾದ ವಾಸನೆ ಮೂಗಿಗೆ ಬಡಿಯುತ್ತದೆ. ತಲೆಯೆತ್ತಿದರೆ ಹಸುರು ಬೆರೆತ ಬಿಳಿ ಹೂವಿನ ಗೊಂಚಲು. ಕೊಂಬೆಯ ಸುತ್ತ ಚಕ್ರದಂತೆ ಎಲೆ. ಸಂಸ್ಕೃತದಲ್ಲಿ ಸಪ್ತಪರ್ಣಿ, ಮರಾಠಿಯಲ್ಲಿ ಸಾತವೀಣ, ಕನ್ನಡದಲ್ಲಿ ಹಾಲೆ, ತುಳುವಿನಲ್ಲಿ ಪಾಲೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಮುಂಜಾನೆ ಇದೇ ಮರದ ತೊಗಟೆಯ ಕಹಿ ಕಷಾಯವನ್ನು ಮನೆಮಂದಿ ಕುಡಿಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ 'ಸ್ಕಾಲರಿಸ್' ಎಂಬ ಹೆಸರು. ಮಕ್ಕಳು ಬರೆಯುವ ಹಲಗೆಗಳನ್ನು ಇದರ ಮರದಿಂದ ಮಾಡುತ್ತಿದ್ದುದೇ ಅದಕ್ಕೆ ಕಾರಣ. ರವೀಂದ್ರರ ವಿಶ್ವಭಾರತಿಯಲ್ಲಿ ಘಟಿಕೋತ್ಸವದ ದಿನ ವಿದ್ಯಾರ್ಥಿಗಳಿಗೆ ಇದರ ಎಲೆಯ ಗೊಂಚಲನ್ನು ಕೊಡುವ ಪದ್ಧತಿಯಿತ್ತು. ಅಜ್ಜಿಯ ಊರಿನ ಮರ, ಮಗುವಿನ ಬೀದಿಯ ಮರ, ಪಾಠಶಾಲೆಯ ಮರ, ಮೂರೂ ಒಂದೇ! ಹೆಸರು ಸಪ್ತಪರ್ಣಿಯಾದರೂ ಚಕ್ರದಲ್ಲಿ ಎಲೆ ಏಳೇ ಇರಬೇಕೆಂದಿಲ್ಲ. ಐದೂ ಇರಬಹುದು, ಎಂಟೂ ಇರಬಹುದು. ಮಗು ಎಣಿಸಿ ನೋಡಲಿ. ಆ ಎಣಿಕೆ ಕನ್ನಡದಲ್ಲಿ ಆಗಲಿ.

ಅಚ್ಚಿನ ಪುಸ್ತಕಗಳು ಇಲ್ಲದೆ ಇಲ್ಲ. ದೆಹಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ 1957ರಲ್ಲಿ ಹುಟ್ಟಿತು. ಅದೇ ವರ್ಷ ವ್ಯಂಗ್ಯಚಿತ್ರಕಾರ ಶಂಕರರು ಚಿಲ್ಡ್ರನ್ಸ್ ಬುಕ್ ಟ್ರಸ್ಟನ್ನು ಸ್ಥಾಪಿಸಿದರು. ಚೆನ್ನೈಯ ತೂಲಿಕಾ ಪ್ರಕಾಶನ ಕನ್ನಡವೂ ಇಂಗ್ಲಿಷೂ ಒಂದೇ ಪುಟದಲ್ಲಿರುವ ಚಿತ್ರಪುಸ್ತಕಗಳನ್ನು ತಂದಿದೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ 2015ರಿಂದ ಕನ್ನಡದ ಚಿತ್ರಕಥೆಗಳನ್ನು ಮೊಬೈಲಿನಲ್ಲಿ ಬಿಟ್ಟಿಯಾಗಿಯೇ ಓದಗೊಡುತ್ತಿದೆ. ಇವನ್ನು ತರಿಸಿ ಓದಿಸೋಣ. ಆದರೆ ನಮ್ಮ ಬೀದಿಯ ತಿರುವಿನಲ್ಲಿರುವ ಮರದ ಪುಸ್ತಕವನ್ನು ಯಾವ ಪ್ರಕಾಶಕರೂ ಅಚ್ಚು ಹಾಕಿ ಕೊಡಲಾರರು. ಅದನ್ನು ನಾವೇ ಮಾಡಬೇಕು.

ಆದುದರಿಂದ ಸಂಘದ ಮುಂದೆ ಒಂದು ಸೂಚನೆಯನ್ನಿಡುತ್ತೇವೆ. ಪ್ರತಿಯೊಂದು ಮನೆಯೂ ಬಾಗಿಲಿನಿಂದ ನೂರು ಹೆಜ್ಜೆಯೊಳಗಿನ ಒಂದು ಮರವನ್ನು ಆರಿಸಿಕೊಳ್ಳಲಿ. ತಿಂಗಳಿಗೊಂದು ಭಾನುವಾರ ಮಗು ಅದರ ಚಿತ್ರ ಬರೆಯಲಿ. ಅಜ್ಜಿಯೋ ತಾತನೋ ಮನೆಯಲ್ಲಿದ್ದರೆ ಮಾತು ಕೊಡಲಿ. ಊರಿನಲ್ಲಿದ್ದರೆ ಫೋನು ಮಾಡಿ ಕೇಳಲಿ. ಅಪ್ಪ ಅಮ್ಮ ಪ್ರಾಸ ಜೋಡಿಸಲಿ. ಪ್ರಾಸ ತಪ್ಪಿದರೂ ಮರವೇನೂ ಮುನಿಯುವುದಿಲ್ಲ. ವರ್ಷ ತುಂಬುವಾಗ ಹನ್ನೆರಡು ಹಾಳೆಯ ಪುಸ್ತಕವೊಂದು ಮನೆಮನೆಯಲ್ಲಿ ಸಿದ್ಧವಾಗಿರುತ್ತದೆ. ಅವುಗಳಲ್ಲಿ ಹನ್ನೆರಡನ್ನು ಆರಿಸಿ ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಅಚ್ಚು ಹಾಕೋಣ. ಮಂಗಳೂರಿನ ಮನೆಯ ಮಾತೂ ಧಾರವಾಡದ ಮನೆಯ ಮಾತೂ ಮೈಸೂರಿನ ಮನೆಯ ಮಾತೂ ಅದರಲ್ಲಿ ಒಟ್ಟಿಗೆ ಬರಲಿ. ಒಂದೇ ಮರಕ್ಕೆ ಮೂರು ಹೆಸರು ಬಂದರೆ ಮೂರನ್ನೂ ಇಟ್ಟುಕೊಳ್ಳೋಣ.

ನಾವು ಹೊಟ್ಟೆಪಾಡಿಗಾಗಿ ಬೇರೆ ನೆಲದಲ್ಲಿ ಬೇರು ಬಿಟ್ಟವರು. ಗುಲ್‌ಮೊಹರ್ ಹಾಗೆ ಬಂದದ್ದು, ಮಳೆಮರ ಹಾಗೆ ಬಂದದ್ದು. ಹೊಸ ನೆಲದ ಮಳೆಬಿಸಿಲನ್ನು ಅವು ಒಪ್ಪಿಕೊಂಡವು. ಹೂವಿನ ಬಣ್ಣವನ್ನು ಮಾತ್ರ ಬಿಡಲಿಲ್ಲ. ನಮ್ಮ ಮಕ್ಕಳ ಕನ್ನಡವೂ ಹಾಗೆ ಈ ಊರಿನ ಬೀದಿಯಲ್ಲಿ ಚಿಗುರಲಿ ಎಂದು ಹಾರೈಸುತ್ತೇವೆ.

ಸಿರಿಗನ್ನಡಂ ಗೆಲ್ಗೆ.